ಕೆರೆಯ ಹಾಡಿನಿಂದ ಗುಬ್ಬಿಯ ರಂಗಕ್ಕೆ

ಕುಣಿಗಲಿನ ಕೆರೆಯನ್ನು ಕಣ್ಣಾರೆ ಕಾಣದವರೂ ಅದರ ಹಾಡನ್ನು ಬಲ್ಲರು. ಆ ಪದವನ್ನು ಕಟ್ಟಿದವರಾರು? ಏರಿಯ ಮೇಲೆ ನಿಂತು ಕೇಳಿದರೂ ಉತ್ತರವಿಲ್ಲ. ಹಾಡು ಉಳಿಯಿತು, ಹೆಸರು ಅಳಿಯಿತು.

ಅಲ್ಲಿಂದ ತುಮಕೂರನ್ನು ಹಾದು ಗುಬ್ಬಿಗೆ ಬಂದರೆ ಮಾತು ಬೇರೆ. 1884ರಲ್ಲಿ ಈ ಪುಟ್ಟ ಊರಿನಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ವೀರಣ್ಣನವರು ನಾಡಿನ ಮನೆಮಾತಾಗಿಸಿದರು. ಮನೆ ಬಿಟ್ಟು ಬಂದ ತುಳುನಾಡಿನ ಹುಡುಗನೊಬ್ಬನು ಆ ಕಂಪನಿಯಲ್ಲಿ ಬಣ್ಣ ಹಚ್ಚಿದನು. ವೀರಣ್ಣನವರು ಅವನನ್ನು ಓದಲೆಂದು ಕಾಶಿಗೆ ಕಳುಹಿಸಿದರು. ಅಲ್ಲಿ ಓಂಕಾರನಾಥ ಠಾಕೂರರಿಂದ ಹಿಂದೂಸ್ತಾನಿ ಸಂಗೀತದ ಶಿಕ್ಷಣವಾಯಿತು. ಆ ಹುಡುಗನೇ ಬಿ.ವಿ. ಕಾರಂತರು. ಶಾಸ್ತ್ರೀಯ ರಾಗದೊಡನೆ ಜನಪದ ಮಟ್ಟು, ಯಕ್ಷಗಾನದ ಲಯ, ಬರಿಯ ಸದ್ದುಗಳನ್ನೂ ಬೆಸೆದು ಅವರು ಹೊಸ ರಂಗಸಂಗೀತವನ್ನೇ ರಚಿಸಿದರು. 1976ರ 'ಋಷ್ಯಶೃಂಗ', 1977ರ 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿಯೂ ದೊರೆಯಿತು.

2002ರಲ್ಲಿ ಕಾರಂತರು ತೀರಿಕೊಂಡರು. ಅವರ ರಂಗಗೀತೆಗಳು ಈಗ ಕಲಿತವರ ಕಂಠದಲ್ಲಿವೆ. ತ್ಯಾಗರಾಜರ ಕೃತಿಗಳೂ ಒಂದು ಕಾಲಕ್ಕೆ ಹೊಸವೇ. ಶಿಷ್ಯರು ಕಲಿತು ಬರೆದಿಟ್ಟುದರಿಂದಲೇ ನಮ್ಮವರೆಗೆ ಬಂದವು. ತುಮಕೂರಿನಲ್ಲಿ ಇಂದು ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ಅಲ್ಲಿ ಹೊಸ ಮಟ್ಟೊಂದು ಕೇಳಿಬಂದಾಗ ರಸಿಕರು, 'ಇದನ್ನು ಕಟ್ಟಿದವರಾರು?' ಎಂದು ವಿಚಾರಿಸಲಿ. ಕಟ್ಟಿದವರು ಆ ಸಭೆಯಲ್ಲಿಯೇ ಕುಳಿತಿರಬಹುದು.