ಪದಕಕ್ಕೂ ಒಂದು ಸನದು ಬೇಕು

ಮಕ್ಕಳು ಆಟದಲ್ಲಿ ಗೆದ್ದು ತಂದ ಪದಕಗಳಿಗೆ ನಮ್ಮ ಮನೆಗಳಲ್ಲಿ ಒಂದು ನಿಶ್ಚಿತ ಪ್ರಯಾಣವಿದೆ. ಮೊದಲ ವಾರ ಅವು ಟಿ.ವಿ.ಯ ಪಕ್ಕದಲ್ಲಿರುತ್ತವೆ. ಬಂದವರೆಲ್ಲ ಮುಟ್ಟಿ ನೋಡಿ ಮಾಷಾ ಅಲ್ಲಾಹ್ ಅನ್ನುತ್ತಾರೆ. ಆಮೇಲೆ ಕ್ಯಾಲೆಂಡರಿನ ಮೊಳೆಗೆ ಹೋಗುತ್ತವೆ. ಈದ್‌ಗೆ ಸುಣ್ಣ-ಬಣ್ಣ ಮಾಡುವಾಗ ಕೆಳಗಿಳಿದರೆ ಮುಗಿಯಿತು, ಮತ್ತೆ ಗೋಡೆ ಏರುವುದಿಲ್ಲ. ಹಳೆಯ ಚಾರ್ಜರ್, ಔಷಧಿ ಚೀಟಿ, ಒಂಟಿ ಕಿವಿಯೋಲೆಗಳಿರುವ ಯಾವುದಾದರೊಂದು ಡಬ್ಬಿ ಅವುಗಳ ಕೊನೆಯ ಠಾವು. ಹುಬ್ಬಳ್ಳಿಯಲ್ಲಿಯೂ ಧಾರವಾಡದಲ್ಲಿಯೂ ನಾನು ಪಾಠ ಹೇಳಿದ ಹುಡುಗಿಯರ ಮನೆಗಳಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ.

ನನ್ನ ಮಗಳು ನಾಲ್ಕನೆಯ ತರಗತಿಯಿಂದ ಪಿ.ಯು.ಸಿ.ವರೆಗೆ ಓಟ ಮತ್ತು ಖೊಖೊದಲ್ಲಿ ಗೆದ್ದದ್ದು 23 ಪದಕ, ಮೂರು ಕಪ್ಪು. ಪ್ರಮಾಣಪತ್ರಗಳು ಮಾತ್ರ 19. ಉಳಿದ ನಾಲ್ಕು ಎಲ್ಲಿ ಎಂದು ನೀವು ಕೇಳಿದರೆ ಅದಕ್ಕೊಂದು ಉತ್ತರವಿದೆ. ಎರಡಕ್ಕೆ ಪ್ರಮಾಣಪತ್ರವನ್ನೇ ಕೊಟ್ಟಿರಲಿಲ್ಲ. ಇನ್ನೆರಡರಲ್ಲಿ ಅವಳ ಹೆಸರು ತಪ್ಪಾಗಿತ್ತು. ಒಂದರಲ್ಲಿ ಬಾನು ಹೋಗಿ ಬೇಗಂ ಆಗಿತ್ತು, ಇನ್ನೊಂದರಲ್ಲಿ ತಂದೆಯ ಹೆಸರೇ ಅವಳ ಹೆಸರಾಗಿತ್ತು. ತಿದ್ದಿ ಕೊಡುತ್ತೇವೆಂದು ವಾಪಸು ತೆಗೆದುಕೊಂಡ ಕಚೇರಿಯವರು ಇಂದಿಗೂ ತಿದ್ದುತ್ತಲೇ ಇದ್ದಾರೆ. ನಮ್ಮ ಹೆಸರುಗಳನ್ನು ಬರೆಯುವವರಿಗೆ ಈ ಅವಸರ ಯಾಕೋ ಗೊತ್ತಿಲ್ಲ. ಆದ್ದರಿಂದ ಮೊದಲ ಮಾತು ಇದು: ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಶಾಲೆಯ ದಾಖಲೆಯಲ್ಲಿರುವ ಹೆಸರಿನ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬೇಕು. ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಕ್ರೀಡಾ ಕೋಟಾ ಇದೆ. ಅಲ್ಲಿ ಯಾರೂ ಪದಕ ಕೇಳುವುದಿಲ್ಲ, ಕಾಗದ ಕೇಳುತ್ತಾರೆ. ತಿದ್ದಲು ಕೊಡುವಾಗ ಒಂದು ಝೆರಾಕ್ಸ್ ಪ್ರತಿಯನ್ನೂ ಪಡೆದವರ ಸಹಿಯನ್ನೂ ಮನೆಯಲ್ಲಿ ಇಟ್ಟುಕೊಂಡಿರಬೇಕು. ನಮ್ಮಲ್ಲಿ ಅವು ಇದ್ದವು. ಅದರಿಂದಲೇ ಇನ್ನೂ ಕೇಳುವ ಹಕ್ಕು ಉಳಿದಿದೆ.

ನಾನು ಮದ್ರಸದಲ್ಲಿ ಆಲಿಮಾ ಕೋರ್ಸ್ ಮುಗಿಸಿ ಆಮೇಲೆ ಬಿ.ಎ. ಕಟ್ಟಿದವಳು. ಮದ್ರಸದಲ್ಲಿ ಓದು ಮುಗಿದಾಗ ಕೊಡುವ ಪತ್ರಕ್ಕೆ ಸನದು ಎನ್ನುತ್ತಾರೆ. ಹದೀಸನ್ನು ಯಾರು ಯಾರಿಂದ ಕೇಳಿದರು ಎಂಬ ಹೆಸರುಗಳ ಸಾಲಿಗೂ ಸನದು ಎಂದೇ ಹೆಸರು. ಮಾತು ಎಷ್ಟೇ ಚೆನ್ನಾಗಿರಲಿ, ಹೇಳಿದವರ ಗುರುತಿಲ್ಲದಿದ್ದರೆ ಹದೀಸಿನ ಪಂಡಿತರು ಅದನ್ನು ಹಾಗೆಯೇ ಒಪ್ಪುತ್ತಿರಲಿಲ್ಲ. ಮಗಳ ಪದಕಗಳನ್ನು ಚಾಪೆಯ ಮೇಲೆ ಹರವಿಕೊಂಡು ಕೂತಾಗ ನನಗೆ ಹೊಳೆದದ್ದು ಇದೇ. 23ರಲ್ಲಿ 15 ಪದಕಗಳ ಮೇಲೆ ಓಡುವ ಒಂದು ಚಿತ್ರ ಬಿಟ್ಟರೆ ಏನೂ ಇರಲಿಲ್ಲ. ಹೆಸರಿಲ್ಲ, ಊರಿಲ್ಲ, ವರ್ಷವಿಲ್ಲ. ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುವ ಪದಕಕ್ಕೂ ಇದಕ್ಕೂ ವ್ಯತ್ಯಾಸ ಹೇಳುವುದು ಹೇಗೆ? ಮಗಳನ್ನೇ ಕೇಳಿದೆ. ಕೆಲವು ಅವಳಿಗೂ ಗೊತ್ತಾಗಲಿಲ್ಲ.

ಸೋದರಿಯರಿಗೆ ಗೊತ್ತಿರುವ ಒಂದು ಘಟನೆ ಇದೆ. ಪ್ರವಾದಿ(ಸ)ರು ಪ್ರಯಾಣದಲ್ಲಿ ಹಜ್ರತ್ ಆಯಿಷಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದರು. ಮೊದಲ ಸಲ ಆಯಿಷಾ ಗೆದ್ದರು. ಕೆಲವು ಕಾಲದ ನಂತರ, ಅವರ ಮೈ ತುಂಬಿಕೊಂಡಿದ್ದಾಗ, ಪ್ರವಾದಿಯವರು ಗೆದ್ದು ಇದು ಅದಕ್ಕೆ ಸರಿಯಾಯಿತೆಂದು ನಗೆಯಾಡಿದರು. ಆ ಓಟಕ್ಕೆ ಪದಕವಿರಲಿಲ್ಲ. ಗೆದ್ದವರೇ ನಂತರ ಬಾಯಿಬಿಟ್ಟು ಹೇಳಿದ್ದರಿಂದ, ಕೇಳಿದವರು ಮುಂದಿನವರಿಗೆ ದಾಟಿಸಿದ್ದರಿಂದ ಅದು ಅಬೂದಾವೂದ್ ಗ್ರಂಥದ ಮೂಲಕ ನಮ್ಮವರೆಗೆ ಬಂತು.

ನನ್ನ ದೊಡ್ಡ ಆಪಾ 1984ರಲ್ಲಿ ತಾಲೂಕು ಮಟ್ಟದ ಖೊಖೊದಲ್ಲಿ ಗೆದ್ದ ತಂಡದಲ್ಲಿದ್ದಳು. ಆಗ ಪದಕಕ್ಕಿಂತ ಭಾಂಡೆ ಕೊಡುವುದೇ ಹೆಚ್ಚು. ಅವಳಿಗೆ ಸಿಕ್ಕಿದ್ದು ಒಂದು ಸ್ಟೀಲ್ ತಾಟು, ಅಂಚಿನಲ್ಲಿ ಮಷೀನಿನಿಂದ ಕೊರೆದ ಚುಕ್ಕಿ ಚುಕ್ಕಿ ಅಕ್ಷರ: ಖೊಖೊ, ಪ್ರಥಮ, 1984. ಪ್ರಮಾಣಪತ್ರವೂ ಇತ್ತು. 1990ರಲ್ಲಿ ನಿಕಾಹ್ ಆಗಿ ಹೋಗುವಾಗ ತಾಟು ಉಳಿದ ಭಾಂಡೆಗಳ ಜೊತೆ ಅವಳ ಮನೆಗೆ ಹೋಯಿತು, ಕಾಗದ ನಮ್ಮ ತವರಿನ ಸಂದೂಕದಲ್ಲಿ ಉಳಿಯಿತು. ಹೆಣ್ಣುಮಕ್ಕಳ ಕಾಗದಪತ್ರಗಳ ಹಣೆಬರಹವೇ ಅಷ್ಟು. ಗಂಡನ ಮನೆಗೆ ಅದನ್ನು ಯಾಕೆ ಒಯ್ಯುವುದು ಎನ್ನುತ್ತಾರೆ, ತವರಿನಲ್ಲಿ ಅದನ್ನು ನೋಡುವವರಿಲ್ಲ. ಒಂದು ಮಳೆಗಾಲ ಗೋಡೆಯಿಂದ ಬಂದ ಗೆದ್ದಲು ಸಂದೂಕದ ಕೆಳಗಿನ ಕಾಗದವನ್ನೆಲ್ಲ ಮಣ್ಣು ಮಾಡಿತು. ಆಪಾನ ಮಕ್ಕಳು ಬೆಳೆದ ಮೇಲೆ, ಇಷ್ಟು ದಪ್ಪಗಿರುವ ಅಮ್ಮಿ ಖೊಖೊ ಆಡಿದ್ದು ಸುಳ್ಳು ಎಂದು ನಗುತ್ತಿದ್ದರು. ಆಗೆಲ್ಲ ಅವಳು ಮಾತಾಡದೆ ಹೋಗಿ ಆ ತಾಟು ತಂದು ಅಂಚು ತೋರಿಸುತ್ತಿದ್ದಳು. ಎರಡು ವರ್ಷದ ಹಿಂದೆ ಅವಳ ಸೊಸೆ ಹಳೆಯ ಭಾಂಡೆ ಕೊಟ್ಟು ಕುಕ್ಕರ್ ತರಲು ಚೀಲ ಕಟ್ಟಿದ್ದಳು. ಆ ತಾಟೂ ಅದರಲ್ಲಿತ್ತು. ಸೊಸೆಯ ದೋಷವಿಲ್ಲ, ಅವಳಿಗೆ ಯಾರೂ ಹೇಳಿರಲಿಲ್ಲ. ಚೀಲ ಹೊಸ್ತಿಲು ದಾಟುವ ಮೊದಲು ಆಪಾ ನೋಡಿದಳು.

ಮನೆಯಲ್ಲಿ ಹೀಗಾದರೆ, ಕಚೇರಿಗೆ ಕೊಟ್ಟರೆ ಕ್ಷೇಮ ಎನ್ನುವಂತೆಯೂ ಇಲ್ಲ. 1948, 1952, 1956ರ ಮೂರು ಒಲಿಂಪಿಕ್ಸ್‌ಗಳಲ್ಲಿ ಹಾಕಿ ಚಿನ್ನ ಗೆದ್ದ ಬಲಬೀರ್ ಸಿಂಗ್ ಅವರ ಕಥೆ ಕೇಳಿ. 1985ರಲ್ಲಿ ಅವರು 36 ಪದಕಗಳನ್ನು, ಮೆಲ್ಬರ್ನ್ ಒಲಿಂಪಿಕ್ಸ್‌ನ ಬ್ಲೇಜರನ್ನು, ನೂರಕ್ಕೂ ಹೆಚ್ಚು ಫೋಟೋಗಳನ್ನು ವಸ್ತುಸಂಗ್ರಹಾಲಯ ಆಗುತ್ತದೆಂಬ ಭರವಸೆಯ ಮೇಲೆ ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ಕೊಟ್ಟರು. ಸಂಗ್ರಹಾಲಯ ಆಗಲಿಲ್ಲ. 2012ರಲ್ಲಿ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಹುಡುಕಿದರೆ ವಸ್ತುಗಳೂ ಇರಲಿಲ್ಲ. 2020ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಅವು ಎಲ್ಲಿ ಹೋದವೆಂಬ ಉತ್ತರ ಸಿಗಲಿಲ್ಲ.

ಇದರ ಇನ್ನೊಂದು ಮಗ್ಗುಲು ಮುಹಮ್ಮದ್ ಅಲಿಯವರದು. 1960ರ ರೋಮ್ ಒಲಿಂಪಿಕ್ಸ್‌ನ ಚಿನ್ನದ ಪದಕವನ್ನು, ಕರಿಯರಿಗೆ ಊಟ ಕೊಡುವುದಿಲ್ಲವೆಂದ ಹೋಟೆಲಿನ ಸಿಟ್ಟಿಗೆ ಓಹಿಯೋ ನದಿಗೆ ಎಸೆದೆನೆಂದು ಅವರ ಆತ್ಮಕಥೆಯಲ್ಲಿದೆ. ಎಸೆದದ್ದಲ್ಲ, ಕಳೆದುಹೋದದ್ದು ಎಂದವರೂ ಇದ್ದಾರೆ. ಹೇಗೇ ಆಗಲಿ, 1996ರಲ್ಲಿ ಅಟ್ಲಾಂಟಾದಲ್ಲಿ ಅವರಿಗೆ ಬದಲಿ ಪದಕ ತೊಡಿಸಿದರು. ಅವರು ಗೆದ್ದದ್ದು ದಾಖಲೆಯಲ್ಲಿತ್ತು, ಲೋಹ ಮತ್ತೆ ಮಾಡಿಸಬಹುದಿತ್ತು.

ಲೋಹದ ಮಾತು ಬಂದದ್ದರಿಂದ ಹೇಳುತ್ತೇನೆ. ಒಲಿಂಪಿಕ್ಸ್‌ನ ಚಿನ್ನದ ಪದಕವೂ ಒಳಗೆ ಬೆಳ್ಳಿಯೇ, ಮೇಲೆ ಸುಮಾರು 6 ಗ್ರಾಂ ಬಂಗಾರದ ಲೇಪ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಗೆದ್ದ ಕೆಲವರ ಪದಕಗಳು ತಿಂಗಳುಗಳಲ್ಲೇ ಬಣ್ಣಗೆಟ್ಟು, ಅಲ್ಲಿನ ಟಂಕಸಾಲೆ ಬದಲಿಸಿ ಕೊಡಬೇಕಾಯಿತು. ನಮ್ಮ ಶಾಲೆಗಳಲ್ಲಿ ಕೊಡುವುದು ಹೆಚ್ಚಾಗಿ ಅಗ್ಗದ ಮಿಶ್ರಲೋಹ, ಮೇಲೆ ತೆಳುವಾದ ಬಣ್ಣ. ಧಾರವಾಡದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಮಳೆ ಹಿಡಿದರೆ ಕಪಾಟಿನೊಳಗಿನ ಬಟ್ಟೆಗೇ ಬೂಸ್ಟು ಬರುತ್ತದೆ, ಇನ್ನು ಇದರ ಪಾಡೇನು! ನೆರೆಮನೆಯ ಖಾಲಾ ಒಬ್ಬರು ಮೊಮ್ಮಗನ ಪದಕ ಕಪ್ಪಾಯಿತೆಂದು ಹಂಡೆ ತಿಕ್ಕುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದರು. ಬಂಗಾರದ ಬಣ್ಣವೆಲ್ಲ ಹೋಗಿ ಬೂದು ಬಿಲ್ಲೆ ಉಳಿಯಿತು. ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ರಿಬ್ಬನ್ ತೊಳೆಯಬಾರದು, ಬಣ್ಣ ಬಿಡುತ್ತದೆ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಬಾರದು, ರಬ್ಬರಿನ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ನಾನು ಹಳೆಯ ಬಿಳಿ ಮಲ್ಮಲ್ ದುಪಟ್ಟಾ ಕತ್ತರಿಸಿ ಒಂದೊಂದಕ್ಕೆ ಒಂದೊಂದು ಪುಟ್ಟ ಚೀಲ ಹೊಲಿದೆ. ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಎಸೆಯದೆ ಜೊತೆಗಿಟ್ಟೆ. ಡಬ್ಬಿ ಇರುವುದು ಹೊರಗೋಡೆಗೆ ತಾಗದ ಕಪಾಟಿನ ನಡುವಿನ ಅರೆಯಲ್ಲಿ. ಪ್ರಮಾಣಪತ್ರಗಳಿಗೆ ಮಾತ್ರ ಲ್ಯಾಮಿನೇಷನ್ ಮಾಡಿಸಬೇಡಿ. ಒಮ್ಮೆ ಕಾಯಿಸಿ ಅಂಟಿಸಿದ ಪ್ಲಾಸ್ಟಿಕ್ ಬಿಡಿಸಲು ಬರುವುದಿಲ್ಲ, ದೃಢೀಕರಣದ ಮುದ್ರೆ ಒತ್ತಲೂ ಜಾಗವಿರುವುದಿಲ್ಲ. ಫೈಲಿನಲ್ಲಿ ಚಪ್ಪಟೆಯಾಗಿಡಿ, ಫೋನಿನಲ್ಲಿ ಫೋಟೋ ತೆಗೆದು ಇನ್ನೊಂದು ಕಡೆಯೂ ಉಳಿಸಿಡಿ.

ನಮ್ಮ ಅತ್ತೆಗೆ ಇದೆಲ್ಲ ಮೊದಲು ಸೇರಲಿಲ್ಲ. "ಹೆಣ್ಣುಹುಡುಗಿ ಓಡಿ ಗೆದ್ದದ್ದನ್ನ ಗೋಡಿಗೆ ಹಾಕಿ ಊರಿಗೆಲ್ಲಾ ತೋರಸಬೇಕೇನು? ನಜರ್ ತಾಗತದ" ಎಂದರು. ತೋರಿಕೆಯ ಬಗ್ಗೆ ಅವರ ಅಂಜಿಕೆಯನ್ನು ನಾನು ಹಗುರ ಮಾಡಲಾರೆ. ಗಾಜಿನ ಶೋಕೇಸು ನಮ್ಮ ಮನೆಯಲ್ಲಿ ಬೇಡವೆಂದು ನನಗೂ ಅನಿಸಿತು. ಅದಕ್ಕೆ ಇನ್ನೊಂದು ಕಾರಣವಿತ್ತು. ಮಗಳಿಗಿಂತ ಐದು ವರ್ಷ ಚಿಕ್ಕ ಮಗನಿಗೆ ಆಟದಲ್ಲಿ ಒಂದೂ ಬಹುಮಾನ ಬಂದಿಲ್ಲ. ದಿನಾ ಊಟಕ್ಕೆ ಕೂತಾಗ ಅಕ್ಕನ 23 ಪದಕಗಳು ಅವನ ಎದುರಿಗೆ ಹೊಳೆಯುತ್ತಿದ್ದರೆ ಅನ್ನ ಹೇಗೆ ಇಳಿದೀತು? ಆದರೆ ಅಡಗಿಸಿಡುವುದು ಬೇರೆ, ಜೋಪಾನ ಮಾಡುವುದು ಬೇರೆ ಎಂದು ಅತ್ತೆಗೆ ಹೇಳಿದೆ. ಆಪಾನ ತಾಟಿನ ಮಾತು ಹೇಳಿದ ಮೇಲೆ ಅವರು ಸುಮ್ಮನಾದರು. ಚೀಲಗಳಿಗೆ ಲಾಡಿ ಪೋಣಿಸಿದವರು ಅವರೇ.

ಪದಕಗಳ ಸನದು ಬರೆಯುವ ಕೆಲಸವನ್ನು ಮಗನಿಗೆ ಕೊಟ್ಟೆವು. ಅವನ ಅಕ್ಷರ ಮುತ್ತಿನಂತಿದೆ, ಅಕ್ಕನದು ಕೋಳಿ ಕೆದರಿದಂತಿದೆ. ಇನ್ನೂರು ಪುಟದ ಒಂದು ರಿಜಿಸ್ಟರ್, ಪ್ರತಿ ಪದಕಕ್ಕೆ ಒಂದು ನಂಬರು. ಅದೇ ನಂಬರು ಚೀಲದ ಮೇಲೆ ದಾರದಲ್ಲಿ, ಪ್ರಮಾಣಪತ್ರದ ಹಿಂದೆ ಪೆನ್ಸಿಲಿನಲ್ಲಿ. ಆಟ, ಮಟ್ಟ, ಮೈದಾನ, ತಾರೀಖು, ಜೊತೆಗೆ ಆಡಿದವರು, ಕಲಿಸಿದವರು. ಕೊನೆಯಲ್ಲಿ ಒಂದು ಅಗಲವಾದ ಕಾಲಂ: ಆ ದಿನ ಏನಾಯಿತು. ಗದಗಿನ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿನಲ್ಲಿ 6 ಮೇಡನ್, 6 ರನ್, 5 ವಿಕೆಟ್ ಪಡೆದದ್ದು ಸ್ಕೋರ್ ಪುಸ್ತಕದಲ್ಲಿದೆ. ಹುಡುಗನಾಗಿದ್ದಾಗ ದಿನಾ ನಸುಕಿನಲ್ಲಿ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದದ್ದನ್ನು ಸ್ಕೋರ್ ಪುಸ್ತಕ ಹೇಳುವುದಿಲ್ಲ. ಮಗಳ ಒಂದು ಬೆಳ್ಳಿ ಪದಕದ ಎದುರು ಈಗ ಹೀಗಿದೆ: ರೋಜಾ ಇದ್ದ ದಿನ, ಮಧ್ಯಾಹ್ನ ಮೂರರ ಬಿಸಿಲು, ಪಿ.ಟಿ. ಸರ್ ಬೇಡವೆಂದರು, ಓಡಿದೆ, ಮಗ್ರಿಬ್‌ಗೆ ಮೊದಲು ಬಸ್ಸು ಸಿಗಲಿಲ್ಲ, ಖಜೂರ ಕೊಟ್ಟದ್ದು ಗೆದ್ದ ಹುಡುಗಿಯ ಅವ್ವ. ಆ ಪದಕ ಅವಳಿಗೆ ಯಾಕಷ್ಟು ಪ್ರಿಯವೆಂದು ನನಗೆ ಗೊತ್ತಾದದ್ದು ಆ ಸಾಲು ಓದಿದ ಮೇಲೆ.

ಡಬ್ಬಿ ಮತ್ತು ರಿಜಿಸ್ಟರ್ ಮಗಳದೇ. ಅವಳು ಎಲ್ಲಿಗೆ ಹೋದರೂ ಅವು ಅವಳ ಜೊತೆಗೇ ಹೋಗಬೇಕೆಂದು ಅವಳ ಅಬ್ಬಾ ಈಗಲೇ ಹೇಳಿಟ್ಟಿದ್ದಾರೆ.

ಕಳೆದ ರಮಝಾನಿನಲ್ಲಿ ಆಪಾ ಬಂದಾಗ ಮಗ ರಿಜಿಸ್ಟರಿನ ಹಿಂದಿನ ಪುಟ ತೆರೆದು ಅವಳನ್ನು ಎದುರಿಗೆ ಕೂರಿಸಿಕೊಂಡ. ಪದಕ ಎಂಬಲ್ಲಿ ತಾಟು ಎಂದು ಬರೆದ. ಪ್ರಮಾಣಪತ್ರ ಎಂಬಲ್ಲಿ ಗೆದ್ದಲು ತಿಂದಿದೆ ಎಂದು ಬರೆದ. ಹೇಳಿದವರು, ಖಾಲಾ ಸ್ವತಃ. ಸಾಕ್ಷಿ ಯಾರೆಂದು ಕೇಳಿದ. ನಾನು ಆಗ ತೀರ ಚಿಕ್ಕವಳು, ನನ್ನ ಸಾಕ್ಷಿ ನಡೆಯದು. ಆ ದಿನ ಮೈದಾನದಲ್ಲಿದ್ದವರು ನಮ್ಮ ದೊಡ್ಡಣ್ಣ. ಮಗ ಅಲ್ಲಿಂದಲೇ ಮಾಮುಗೆ ಫೋನ್ ಹಚ್ಚಿದ. ಆಪಾ ಮೂವರನ್ನು ಔಟ್ ಮಾಡಿದೆನೆಂದು ಬರೆಸಿದ್ದಳು. ಮಾಮು ಆ ಕಡೆಯಿಂದ ಇಬ್ಬರೇ ಎಂದು ಹಟ ಹಿಡಿದರು. ಇಫ್ತಾರ್‌ನವರೆಗೂ ವಾದ ನಡೆಯಿತು. ಮಗ ಎರಡನ್ನೂ ಬರೆದುಕೊಂಡ, ಯಾರು ಯಾವುದನ್ನು ಹೇಳಿದರೆಂದು ಹೆಸರು ಹಾಕಿ.