ಮೊದಲು ಬ್ರೇಕ್ ನೋಡ್ರಿ

ನಮ್ಮ ಯಾದಗಿರಿ ಜಿಲ್ಲೆಯ ಬಳಿಚಕ್ರದಂಥ ಊರಿಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಬಂತೆಂದರೆ ಅದು ಒಂದೇ ಮನೆಯ ಸಂಭ್ರಮವಾಗಿ ಉಳಿಯುವುದಿಲ್ಲ. ಬಾನೆಟ್ಟಿಗೆ ಕುಂಕುಮ ಹಚ್ಚಿ ಕಾಯಿ ಒಡೆಯುವಷ್ಟರಲ್ಲಿ ಓಣಿಯೇ ನೆರೆದಿರುತ್ತದೆ. "ಎವರೇಜ್ ಎಷ್ಟು ಕೊಡ್ತದ?" "ಎಸಿ ತಣ್ಣಗ ಆಗ್ತದೇನು?" "ಎಷ್ಟನೇ ಓನರ್ ಅಣ್ಣಾ?" ನಂಬರ್ ಪ್ಲೇಟಿನಲ್ಲಿ ನಮ್ಮ ಜಿಲ್ಲೆಯ ಕೆಎ 33 ಇದ್ದರೆ ಸಮಾಧಾನ, ಹೈದರಾಬಾದಿನ ಗಾಡಿಯಾದರೆ ಎನ್‌ಒಸಿ ವಿಚಾರಣೆ. ಇಷ್ಟೆಲ್ಲ ಕೇಳುವವರ ನಡುವೆ "ಬ್ರೇಕ್ ಹೆಂಗದ?" ಎಂದವರನ್ನು ನಾನು ಕಂಡದ್ದು ಕಡಿಮೆ.

ಕೇಳಲೇಬೇಕಾದ ಪ್ರಶ್ನೆ ಅದು. ನಮ್ಮ ಕಡೆ ಓಡಾಡುವ ಹಳೆಯ ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊಗಳಲ್ಲಿ ಸಾಮಾನ್ಯವಾಗಿ ಮುಂದಿನ ಗಾಲಿಗೆ ಡಿಸ್ಕ್, ಹಿಂದಿನದಕ್ಕೆ ಡ್ರಮ್. ಗಾಲಿ ಲಾಕ್ ಆಗದಂತೆ ತಡೆಯುವ ಎಬಿಎಸ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಅಗ್ಗದ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಅದಿಲ್ಲ. ಅಂಥ ಗಾಡಿಯಲ್ಲಿ ಕೂತವರ ಜೀವ ಇರುವುದು ಓಡಿಸುವವನ ಕಾಲಿನಲ್ಲಿ, ಆ ಕಾಲಿನ ಒತ್ತಡವನ್ನು ಗಾಲಿಗೆ ಮುಟ್ಟಿಸುವ ಬ್ರೇಕ್ ಆಯಿಲ್‌ನಲ್ಲಿ.

ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತಾ ಹೋಗುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ತೇವ ಸೇರಿದ ಮೇಲೆ 140ರ ಆಸುಪಾಸಿಗೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಕುಸಿಯುತ್ತದೆ. ಅದೇ ತೇವದಿಂದ ಸಿಲಿಂಡರ್ ಒಳಗೆ ತುಕ್ಕು. ಅದಕ್ಕೇ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ಮಾರಲು ನಿಂತವನು ಈ ಖರ್ಚಿಗೆ ಕೈ ಹಾಕುವುದಿಲ್ಲ, ಕೊಂಡವನೇ ಮಾಡಿಸಬೇಕು.

ಯಾದಗಿರಿಯ ಗ್ಯಾರೇಜಿನಲ್ಲಿ ಮೇಸ್ತ್ರಿ ಹಿಂದಿನ ಡ್ರಮ್ ಬಿಚ್ಚುವುದನ್ನು ಪಕ್ಕದಲ್ಲೇ ಕೂತು ನೋಡಬೇಕು. ಸುತ್ತಿಗೆಯ ಎರಡು ಪೆಟ್ಟಿಗೆ ಡ್ರಮ್ ಸಡಿಲಾಗಿ, ಒಳಗಿಂದ ಶೂ ಸವೆದ ಕರಿ ಪುಡಿ ಎರೆಮಣ್ಣಿನ ಧೂಳಿನೊಂದಿಗೆ ಸುರಿಯುತ್ತದೆ. ವೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಅವರು ಉಗುರಿನಿಂದ ಎತ್ತುತ್ತಾರೆ. ಅಲ್ಲಿ ಪಸೆ ಕಂಡರೆ ಮಾತೇ ಬೇಡ: "ಲೀಕ್ ಅದ್ರಿ. ಶೂಗೂ ಹತ್ಯಾದ. ಅದಕ್ಕ ಗಾಡಿ ಒಂದು ಕಡೆ ಎಳೀತದ."

ಕೊಳ್ಳುವ ಮುಂಚೆ ನಾವೇ ತಿಳಿಯಬಹುದಾದದ್ದೂ ಇದೆ. ಎಂಜಿನ್ ಚಾಲೂ ಇಟ್ಟು ಪೆಡಲನ್ನು ಒತ್ತಿ ಹಿಡಿಯಿರಿ. ಮೆಲ್ಲಗೆ ಕೆಳಗಿಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರ್ ಸೋತಿರಬಹುದು, ಇಲ್ಲವೇ ಎಲ್ಲೋ ಆಯಿಲ್ ಸೋರುತ್ತಿರಬಹುದು. ಎರಡನೇ ಸಲ ಒತ್ತಿದಾಗ ಮಾತ್ರ ಗಟ್ಟಿಯಾದರೆ ಪೈಪಿನಲ್ಲಿ ಗಾಳಿ ಇದೆ, ಅಥವಾ ಶೂ ಅಡ್ಜಸ್ಟ್ ಆಗಬೇಕು. ಓಡಿಸುವಾಗ ಬ್ರೇಕ್ ಕೀರ್ ಎಂದರೆ ಪ್ಯಾಡ್ ತೀರುತ್ತಾ ಬಂದಿರುವ ಸಾಧ್ಯತೆ ಹೆಚ್ಚು. ಬ್ರೇಕ್ ಹಾಕಿದಾಗ ಪೆಡಲ್ ನಡುಗಿದರೆ ಡಿಸ್ಕ್ ನೋಡಿಸಬೇಕು.

ಖರ್ಚು ಹೆದರುವಷ್ಟಿಲ್ಲ. ಮಾಡೆಲ್ ನೋಡಿ ಹೆಚ್ಚುಕಡಿಮೆಯಾದರೂ, ಸಣ್ಣ ಕಾರಿನ ಮುಂದಿನ ಪ್ಯಾಡ್ ಸೆಟ್ಟಿಗೆ ಸುಮಾರು 1,000ದಿಂದ 1,800 ರೂಪಾಯಿ, ಹಿಂದಿನ ಶೂಗಳಿಗೂ ಹತ್ತಿರ ಹತ್ತಿರ ಅಷ್ಟೇ. ವೀಲ್ ಸಿಲಿಂಡರ್ ಒಂದಕ್ಕೆ ಐನೂರರ ಆಜುಬಾಜು, ಮಾಸ್ಟರ್ ಸಿಲಿಂಡರಿಗೆ ಎರಡು ಮೂರು ಸಾವಿರ. ಆಯಿಲ್, ಗಾಳಿ ತೆಗೆಯುವ ಕೂಲಿ ಬೇರೆ. ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೂ ಹತ್ತು ಸಾವಿರದೊಳಗೆ ಮುಗಿಯುವ ಕೆಲಸ. ಲಕ್ಷಾಂತರ ಕೊಟ್ಟು ಕಾರು ತಂದವರು ಇಲ್ಲಿ ಇನ್ನೂರು ರೂಪಾಯಿ ಉಳಿಸಲು ಹೋಗಿ ಡುಪ್ಲಿಕೇಟ್ ಪ್ಯಾಡ್ ಹಾಕಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಏಕೆಂದರೆ ನಮ್ಮ ರಸ್ತೆ ಬರೀ ವಾಹನಗಳದಲ್ಲ. ಸುಗ್ಗಿಯಲ್ಲಿ ಅದರ ಮೇಲೆ ತೊಗರಿ ಹರವಿರುತ್ತದೆ. ಹತ್ತಿ ಹೇರಿದ ಟ್ರ್ಯಾಕ್ಟರ್ ಹಿಂದೀಪವಿಲ್ಲದೆ ಕತ್ತಲಲ್ಲಿ ಹೋಗುತ್ತಿರುತ್ತದೆ. ಸಂಜೆಗೆ ಕುರಿಹಿಂಡು ಅಡ್ಡ ಬರುತ್ತದೆ. ಸಂಕ್ರಾಂತಿಗೆ ಮೈಲಾಪುರದ ಜಾತ್ರೆಗೆ ಹೊರಟ ಐದು ಸೀಟಿನ ಕಾರಿನಲ್ಲಿ ಏಳೆಂಟು ಜನ ಇರುತ್ತಾರೆ. ಆ ಭಾರಕ್ಕೆ ಗಾಡಿ ನಿಲ್ಲಲು ಇನ್ನಷ್ಟು ದೂರ ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಹದಿನಾರು ಮೀಟರಿಗೂ ಹೆಚ್ಚು ಓಡುತ್ತದೆ. ಸಡಿಲಾದ ಪೆಡಲನ್ನು ಎರಡನೇ ಸಲ ಒತ್ತುವಷ್ಟರಲ್ಲಿ ಅಷ್ಟು ನೆಲ ಕೈತಪ್ಪಿರುತ್ತದೆ. ಆ ನೆಲದಲ್ಲಿ ಶಾಲೆ ಬಿಟ್ಟು ಬರುವ ಹುಡುಗಿ ಇರಬಹುದು, ದನ ಹೊಡೆದುಕೊಂಡು ಬರುವ ಮುದುಕ ಇರಬಹುದು. ಎವರೇಜ್ ಕಡಿಮೆಯಾದರೆ ನಷ್ಟ ನಮ್ಮ ಕಿಸೆಗೆ ಮಾತ್ರ. ಬ್ರೇಕ್ ಕೈಕೊಟ್ಟರೆ ನಷ್ಟ ಇಡೀ ಊರಿಗೆ.

ಆದ್ದರಿಂದ ಹಳೆಯ ಕಾರು ಕೊಳ್ಳುವವರಲ್ಲಿ ನನ್ನದೊಂದೇ ವಿನಂತಿ: ಕಾರಿನ ಬೆಲೆ ಮಾತಾಡುವಾಗಲೇ ಬ್ರೇಕಿಗೆಂದು ಹತ್ತು ಸಾವಿರ ಬೇರೆ ತೆಗೆದಿಡಿ. ಸೀಟ್ ಕವರ್, ಮ್ಯೂಸಿಕ್ ಸಿಸ್ಟಮ್ ಆಮೇಲೆ ಹಾಕಿಸಿದರೂ ನಡೆದೀತು. ಮೊದಲು ನಾಲ್ಕೂ ಗಾಲಿ ಬಿಚ್ಚಿಸಿ, ಎದುರಿಗೆ ನಿಂತು ನೋಡಿ, ಆಮೇಲೆ ಮನೆಯವರನ್ನು ಕೂರಿಸಿಕೊಳ್ಳಿ.