ಹೊಸ್ತಿಲು ದಾಟದ ಮಾತು

ಈ ತಿಂಗಳು ಮಹಾಪ್ರಬಂಧದ ಅಧ್ಯಾಯ ಪಕ್ಕಕ್ಕಿಟ್ಟು ಎರಡು ಪುಸ್ತಕ ಓದಿದೆ. ಒಂದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಇನ್ನೊಂದು, ಶ್ರಾಬಣಿ ಬಸು ಬರೆದ ನೂರ್ ಇನಾಯತ್ ಖಾನ್ ಜೀವನಚರಿತ್ರೆ ‘ಸ್ಪೈ ಪ್ರಿನ್ಸೆಸ್’. ಒಂದು ಮನೆಯೊಳಗಿನ ಕತೆ, ಇನ್ನೊಂದು ಮಹಾಯುದ್ಧದ್ದು. ಮುಗಿಸಿದ ಮೇಲೆ ಎರಡೂ ಗುಟ್ಟು ಕಾಯುವುದರ ಬಗ್ಗೆಯೇ ಇವೆ ಅನ್ನಿಸಿತು.

ಶಾನಭಾಗರ ಕುಟುಂಬಕ್ಕೆ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಹಣ ಬರುತ್ತದೆ. ಅನ್ನ ಹಾಕುವವನನ್ನು ಪ್ರಶ್ನಿಸುವಂತಿಲ್ಲ. ಅವನನ್ನು ಹುಡುಕಿಕೊಂಡು ಬಾಗಿಲಿಗೆ ಬಂದವಳನ್ನು ಮನೆಯ ಹೆಂಗಸರೇ ಬೈದು ಅಟ್ಟುತ್ತಾರೆ. ಶೀರ್ಷಿಕೆಯೂ ಅಷ್ಟೆ, ಒಂದು ಮನೆಯವರಿಗೆ ಮಾತ್ರ ತಿಳಿಯುವ ಸಂಕೇತಪದ.

ನೂರ್ ಹುಟ್ಟಿದ್ದು 1914ರಲ್ಲಿ, ಮಾಸ್ಕೋದಲ್ಲಿ. ತಂದೆ ಸೂಫಿ ಸಂಗೀತಗಾರ ಇನಾಯತ್ ಖಾನ್. ಅವರ ತಾಯಿಯ ಕಡೆಯಿಂದ ಟಿಪ್ಪುವಿನ ವಂಶ. ದಿಬ್ಬೂರಹಳ್ಳಿಯಿಂದ ಬೆಂಗಳೂರಿಗೆ ಹೋಗುವಾಗ ಟಿಪ್ಪು ಹುಟ್ಟಿದ ದೇವನಹಳ್ಳಿ ಸಿಗುತ್ತದೆ. ಎಷ್ಟು ಸಲ ಹಾದುಹೋಗಿದ್ದರೂ ಈ ಹೆಸರು ಕೇಳಿರಲಿಲ್ಲ. ಮಕ್ಕಳಿಗಾಗಿ ಜಾತಕ ಕತೆಗಳನ್ನು ಬರೆದಿದ್ದ ಈ ಹುಡುಗಿ ಬ್ರಿಟನ್ನಿನ ಗುಪ್ತದಳ ಸೇರಿದಳು. ತೀರಾ ಮೆದು, ಈ ಕೆಲಸಕ್ಕೆ ಆಗುವುದಿಲ್ಲ ಎಂದು ತರಬೇತುದಾರರಲ್ಲೇ ಕೆಲವರಿಗೆ ಅನುಮಾನವಿತ್ತು. 1943ರ ಜೂನ್‌ನಲ್ಲಿ ವೈರ್‌ಲೆಸ್ ಆಪರೇಟರ್ ಆಗಿ ಫ್ರಾನ್ಸಿಗೆ ಹೋದಳು. ಸಂಗಾತಿಗಳು ಒಬ್ಬೊಬ್ಬರೇ ಸಿಕ್ಕಿಬಿದ್ದರು. ವಾಪಸ್ ಬಾ ಎಂದರೂ ಬರಲಿಲ್ಲ. ಅಕ್ಟೋಬರ್‌ನಲ್ಲಿ ಸೆರೆಸಿಕ್ಕಳು. ವಿಚಾರಣೆಯಲ್ಲಿ ಯಾರ ಗುಟ್ಟನ್ನೂ ಬಿಟ್ಟುಕೊಡಲಿಲ್ಲ. 1944ರ ಸೆಪ್ಟೆಂಬರ್ 13ರಂದು ಡಖಾವ್ ಶಿಬಿರದಲ್ಲಿ ಅವಳನ್ನು ಗುಂಡಿಟ್ಟು ಕೊಂದರು.

ಆದರೆ ಬಾಯಿ ಹೇಳದ್ದನ್ನು ನೋಟ್‌ಬುಕ್ ಹೇಳಿತು. ಕಳಿಸಿದ ಸಂದೇಶಗಳನ್ನೆಲ್ಲ ಅವಳು ಬರೆದಿಟ್ಟುಕೊಂಡಿದ್ದಳು. ಅದು ಜರ್ಮನ್ನರ ಕೈಸೇರಿತು. ಅವಳ ಹೆಸರಿನಲ್ಲೇ ಅವರು ಲಂಡನ್ನಿಗೆ ಸುದ್ದಿ ಕಳಿಸಿದರು. ಅದನ್ನು ನಂಬಿ ಬಂದಿಳಿದ ಏಜೆಂಟರು ನೇರ ಬಲೆಗೆ ಬಿದ್ದರು.

ಆ ಪುಟ ಓದಿ ನನ್ನ ನೋಟ್‌ಬುಕ್ ನೆನಪಾಯಿತು. ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ಬಿಚ್ಚುವ ಹೆಂಗಸರ ಮಾತುಗಳನ್ನು ಅದರಲ್ಲಿ ಬರೆದುಕೊಳ್ಳುತ್ತೇನೆ. ನನ್ನ ಸಂಶೋಧನೆಯೇ ಅದು. ಒಬ್ಬಾಕೆ ಬಿಸಿನೀರಿನಿಂದ ಕೈ ತೆಗೆಯದೆ ಮನೆಯ ಸಂಗತಿಯೊಂದನ್ನು ಹೇಳಿ, “ಇದ್ನ ಬರೀಬೇಡ ಕಣಮ್ಮ” ಎಂದಿದ್ದರು. ನನ್ನ ಅಧ್ಯಾಯಕ್ಕೆ ಬೇಕಾದದ್ದು ಸರಿಯಾಗಿ ಅದೇ. ಹೆಸರು ಬದಲಿಸಿದರೆ ಸಾಕು ಎನ್ನುತ್ತಾರೆ ಸ್ನೇಹಿತರು. ನಮ್ಮ ಊರುಗಳಲ್ಲಿ ಹೆಸರು ಬದಲಿಸಿದರೆ ಯಾರೂ ಮರೆಯಾಗುವುದಿಲ್ಲ.

ಹೆಂಗಸರ ಮೌನವನ್ನು ಮುರಿಯಬೇಕು ಎಂದು ಓದುತ್ತ ಬೆಳೆದವಳು ನಾನು. ‘ಘಾಚರ್ ಘೋಚರ್’ ಓದಿದಾಗಲೂ ಹಾಗೇ ಅನ್ನಿಸುತ್ತದೆ: ಅಲ್ಲಿ ಮೌನ ಕಾಯುವುದು ಉಣ್ಣುವವರ ನೆಮ್ಮದಿಯನ್ನು. ನೂರ್‌ಳ ಮೌನ ಕಾದದ್ದು ಬೇರೆಯವರ ಜೀವವನ್ನು. ಆಕೆಯ ಮೌನ ಯಾವ ಬಗೆಯದು ಎಂದು ತೀರ್ಮಾನಿಸುವ ಹಕ್ಕು ಆಕೆಯದೇ. ಅಧ್ಯಾಯದಲ್ಲಿ ಆ ಜಾಗ ಖಾಲಿ ಇದೆ. ಮಾರ್ಗದರ್ಶಕರು ಕೇಳಿದರೆ, ಖಾಲಿಯೇ ಇರುತ್ತದೆ ಎನ್ನುತ್ತೇನೆ.